ಪ್ರಿಯಾನ್ ಕರಗಿಸುವ ಮಾತ್ರೆ ಕೇಳುವವರಿಗೆ

ಮನೆಯಲ್ಲೊಬ್ಬರಿಗೆ ಸಿಜೆಡಿ, ಅಂದರೆ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆ ಇದೆ ಎಂದು ತಿಳಿಸಿದ ಮೇಲೆ ಎರಡು ದಿನ ಯಾರೂ ಮಾತಾಡುವುದಿಲ್ಲ. ಪ್ರಿಯಾನ್ ಎಂಬ ಪ್ರೋಟೀನ್ ತಪ್ಪಾಗಿ ಮಡಚಿಕೊಂಡು ಮೆದುಳನ್ನು ಹಾಳುಮಾಡುವ ಕಾಯಿಲೆ ಇದು. ಮೂರನೇ ದಿನ ಒಬ್ಬರು ಮೊಬೈಲ್ ಹಿಡಿದು ಬರುತ್ತಾರೆ. ‘ಡಾಕ್ಟ್ರೇ, ಇದು ಪ್ರೋಟೀನ್ ತಾನೇ? ಪ್ರೋಟೀನ್ ಕರಗಿಸೋ ಎಂಜೈಮ್ ಮಾತ್ರೆ ಸಿಗುತ್ತಂತೆ. ಅದನ್ನೇ ಕೊಡಬಹುದಲ್ವಾ?’

ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಆ ಮಾತ್ರೆಗೆ ದುಡ್ಡು ಸುರಿಯುವವರನ್ನು ನೋಡಿದರೆ ಸಂಕಟವಾಗುತ್ತದೆ. ಮಾರುವವರ ಮೇಲೆ ಸಿಟ್ಟೂ ಬರುತ್ತದೆ.

ಪ್ರಿಯಾನ್ ಪ್ರೋಟೀನ್ ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. 20ನೇ ಕ್ರೋಮೋಸೋಮಿನ ಒಂದು ಜೀನ್ ಅದಕ್ಕೆ ಮೂಲ. ನರಕೋಶದ ಹೊರಮೈಗೆ ಅದು ಅಂಟಿಕೊಂಡಿರುತ್ತದೆ. ಕಿಣ್ವಗಳು, ಅಂದರೆ ಈ ಎಂಜೈಮ್‌ಗಳೇ, ಅದನ್ನು ದಿನವೂ ಕತ್ತರಿಸುತ್ತಿರುತ್ತವೆ. ಆಡಮ್-10 ಎಂಬ ಕಿಣ್ವ ಅದನ್ನು ಕೋಶದ ಮೈಯಿಂದ ಬಿಡಿಸುತ್ತದೆ. ಕೋಶದೊಳಗೆ ಲೈಸೋಸೋಮ್ ಎಂಬ ಪುಟ್ಟ ಚೀಲದ ಕಿಣ್ವಗಳು ಹಳೆಯದನ್ನು ಅರೆದು ಹಾಕುತ್ತವೆ.

ಕಾಯಿಲೆಯಲ್ಲಿ ಇದೇ ಪ್ರೋಟೀನಿನ ಮಡಿಕೆ, ಅಂದರೆ ಅದು ಮಡಚಿಕೊಂಡಿರುವ ರೀತಿ, ಬದಲಾಗುತ್ತದೆ. ಬಹುಪಾಲು ರೋಗಿಗಳಲ್ಲಿ ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳ ಸಾಲು ಒಂಚೂರೂ ಬದಲಾಗಿರುವುದಿಲ್ಲ. ಸುರುಳಿಯಾಗಿದ್ದ ಭಾಗಗಳು ಚಪ್ಪಟೆಯಾಗಿ ಒಂದರ ಮೇಲೊಂದು ಒತ್ತಿ ಕೂರುತ್ತವೆ. ಪಕ್ಕದ ಒಳ್ಳೆಯ ಪ್ರೋಟೀನನ್ನೂ ತಮ್ಮಂತೆಯೇ ಮಡಿಸುತ್ತವೆ.

ಎಲ್ಲರೂ ಎಡವುವುದು ಇಲ್ಲಿ. ಕಿಣ್ವ ಅಂದರೆ ಆಸಿಡ್ ಅಲ್ಲ, ಸುರಿದಲ್ಲೆಲ್ಲ ಕರಗಿಸುವುದಕ್ಕೆ. ಅದೊಂದು ಕತ್ತರಿ. ಕತ್ತರಿಯ ಬಾಯಿಗೆ ದಾರ ಸಡಿಲವಾಗಿ ಸಿಗಬೇಕು. ಬಿಗಿಯಾಗಿ ಸುತ್ತಿ ಒತ್ತಿದ ಉಂಡೆಯಲ್ಲಿ ಹೊರಗೆ ಇಣುಕುವ ತುದಿ ಕತ್ತರಿಸೀತು, ಒಳಗಿನ ಎಳೆ ಸಿಗುವುದೇ ಇಲ್ಲ. ಪ್ರಯೋಗಾಲಯದಲ್ಲಿ ಪ್ರೋಟೀನೇಸ್ ಕೆ ಎಂಬ ಬಲವಾದ ಕಿಣ್ವ ಹಾಕಿದರೆ ಒಳ್ಳೆಯ ಮಡಿಕೆಯ ಪ್ರೋಟೀನ್ ಪೂರ್ತಿ ಚೂರಾಗುತ್ತದೆ. ಕೆಟ್ಟ ಮಡಿಕೆಯದು ಒಂದು ತುದಿ ಕಳೆದುಕೊಂಡು, 27ರಿಂದ 30 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ತೂಕದ ತಿರುಳಾಗಿ ಉಳಿಯುತ್ತದೆ. 1982ರಲ್ಲಿ ಪ್ರಿಯಾನ್ ಎಂದು ಹೆಸರಿಟ್ಟ ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಪ್ರೂಸಿನರ್ ಅವರ ತಂಡ ಈ ಪ್ರೋಟೀನನ್ನು ಗುರುತಿಸಿದ್ದೇ ಹೀಗೆ ಉಳಿದ ತಿರುಳಿನಿಂದ. ಎಲ್ಲವೂ ಇಷ್ಟೇ ಗಟ್ಟಿ ಅನ್ನಲಾರೆ. ಕಿಣ್ವಕ್ಕೆ ಸುಲಭವಾಗಿ ಸಿಗುವ ಕೆಟ್ಟ ಮಡಿಕೆಗಳೂ ಇವೆ.

ಇನ್ನು ನುಂಗಿದ ಮಾತ್ರೆ. ಆ ಕಿಣ್ವವೂ ಒಂದು ಪ್ರೋಟೀನೇ. ಜಾಸ್ತಿ ಪಾಲು ಹೊಟ್ಟೆ, ಕರುಳಿನಲ್ಲೇ ಜೀರ್ಣವಾಗುತ್ತದೆ, ಮೆದುಳಿಗೆ ಮುಟ್ಟುವುದಿಲ್ಲ. ಪ್ರಿಯಾನ್ ಮಾತ್ರ ಅದೇ ದಾರಿಯಲ್ಲಿ ಪಾರಾಗಬಲ್ಲದು. ಪ್ರಿಯಾನಿನಿಂದಲೇ ಬರುವ ಹುಚ್ಚು ಹಸು ಕಾಯಿಲೆ ಮೇವಿನ ಮೂಲಕ ಹರಡಿದ್ದು ಹಾಗೆ.

ಪ್ರಿಯಾನ್ ನಮ್ಮ ಕಿಣ್ವಗಳನ್ನೇ ಕೆಡಿಸುವುದೂ ಉಂಟು. ಕೋಶದ ಕಸ ಅರೆಯುವ ಪ್ರೋಟಿಯಾಸೋಮ್ ಅದರಿಂದ ಮಂದವಾಗುತ್ತದೆ. ಪರ್ಕ್ ಎಂಬ ಕಿಣ್ವ ಎಚ್ಚೆತ್ತು ಕೋಶದಲ್ಲಿ ಪ್ರೋಟೀನ್ ತಯಾರಿಕೆಯನ್ನೇ ತಡೆಯುತ್ತದೆ. ಆಗ ನರಕೋಶ ಸೊರಗುವುದನ್ನು ಇಲಿಗಳಲ್ಲಿ ಕಂಡಿದ್ದಾರೆ. ಆದರೆ ಇಲಿಯಲ್ಲಿ ಕಂಡದ್ದು ಮನುಷ್ಯರಿಗೆ ಔಷಧಿಯಾಗಿ ಬಂದಿಲ್ಲ.

ಒಂದು ಎಚ್ಚರಿಕೆ. ಬೇಗ ಬೇಗ ಮರೆವು ಬಂದರೆ ಸಿಜೆಡಿ ಎಂದೇ ಅಂದುಕೊಳ್ಳಬೇಡಿ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವ ಕಾಯಿಲೆ ಇದು. ನಮ್ಮದೇ ರೋಗನಿರೋಧಕ ಶಕ್ತಿ ಮೆದುಳಿನ ಮೇಲೆ ತಿರುಗಿಬಿದ್ದಾಗಲೂ ಹೀಗೇ ಕಾಣಬಹುದು, ಅದಕ್ಕೆ ಚಿಕಿತ್ಸೆ ಇದೆ. ಎಂಆರ್‌ಐ, ಬೆನ್ನುಹುರಿ ದ್ರವದ ಪರೀಕ್ಷೆ ತಪ್ಪದೆ ಮಾಡಿಸಿ.

ಒಬ್ಬ ಮಗಳು ನೆನಪಾಗುತ್ತಾಳೆ. ಎಂಜೈಮ್ ಮಾತ್ರೆ ಪುಡಿ ಮಾಡಿ ನೀರಿನಲ್ಲಿ ಕಲಸಿ ತಾಯಿಗೆ ಕುಡಿಸುತ್ತಿದ್ದಳು. ಅದು ತಾಯಿಯ ಗಂಟಲಲ್ಲಿ ಸಿಕ್ಕಿ ಕೆಮ್ಮು. ಕತ್ತರಿ, ದಾರದ ಕಥೆಯನ್ನು ಅವಳಿಗೂ ಹೇಳಿದೆ. ತುಂಬಾ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ, ‘ಹಾಗಾದ್ರೆ ನಾನೇನು ಮಾಡ್ಲಿ ಸರ್?’ ಅಂದಳು. ಈ ಕಾಯಿಲೆಯವರಲ್ಲಿ ಹಲವರು ಚಿಕ್ಕ ಸದ್ದಿಗೂ, ಮುಟ್ಟಿದರೂ ಬೆಚ್ಚಿಬೀಳುತ್ತಾರೆ. ಜರ್ಕು ತಗ್ಗಿಸಲು ಔಷಧಿ ಬರೆದುಕೊಟ್ಟೆ. ಮುಟ್ಟುವ ಮೊದಲು ಮೆಲ್ಲಗೆ ಕರಿ ಎಂದೆ. ಮರುದಿನ ವಾರ್ಡಿಗೆ ಹೋದಾಗ ದೀಪ ಮಂದವಾಗಿತ್ತು. ‘ಅಮ್ಮಾ, ನಾನು ಕಣಮ್ಮಾ’ ಎಂದು ಹೇಳಿ, ಸ್ವಲ್ಪ ತಡೆದು, ತಾಯಿಯ ಕೈ ಹಿಡಿದುಕೊಂಡಳು.