ಪದ ಪರಿಚಯ: ಫ್ಲಾಟ್ ಪ್ಯಾನೆಲ್ ಡಿಟೆಕ್ಟರ್

ಎದೆಯ ಎಕ್ಸ್-ರೇ ತೆಗೆಯುವಾಗ ಒಂದು ಚಪ್ಪಟೆ ಹಲಗೆಗೆ ಎದೆ ಒತ್ತಿ ನಿಲ್ಲಲು ಹೇಳುತ್ತಾರೆ. ಮೊದಲು ಅದರೊಳಗೆ ಫಿಲ್ಮ್ ಇರುತ್ತಿತ್ತು. ಈಗ ಹೆಚ್ಚಾಗಿ ಅಲ್ಲಿರುವುದು ಒಂದು ದೊಡ್ಡ ಸೆನ್ಸರ್. ಅದೇ ಫ್ಲಾಟ್ ಪ್ಯಾನೆಲ್ ಡಿಟೆಕ್ಟರ್, ಚಿಕ್ಕದಾಗಿ ಎಫ್‌ಪಿಡಿ. ದೇಹ ದಾಟಿ ಬಂದ ಎಕ್ಸ್-ರೇಯನ್ನು ಹಿಡಿದು, ವಿದ್ಯುತ್ ಚಾರ್ಜ್ ಆಗಿ ಬದಲಿಸಿ, ಕೆಲವೇ ಸೆಕೆಂಡುಗಳಲ್ಲಿ ಪರದೆಗೆ ಚಿತ್ರ ಕಳಿಸುವುದು ಇದರ ಕೆಲಸ.

ಫೋನ್ ಕ್ಯಾಮೆರಾದ ಸೆನ್ಸರ್ ಉಗುರಿನಷ್ಟೇ ಇರುತ್ತದೆ. ಇದು ಮಾತ್ರ ಯಾಕೆ ಇಷ್ಟು ದೊಡ್ಡದು? ಕ್ಯಾಮೆರಾದಲ್ಲಿ ಲೆನ್ಸ್ ಬೆಳಕನ್ನು ಬಗ್ಗಿಸಿ ಪುಟ್ಟ ಚಿಪ್ ಮೇಲೆ ಬೀಳಿಸುತ್ತದೆ. ಎಕ್ಸ್-ರೇ ಗಾಜಿನಲ್ಲಿ ಹೆಚ್ಚುಕಡಿಮೆ ಬಾಗುವುದೇ ಇಲ್ಲ. ಹಾಗಾಗಿ ಇಲ್ಲಿ ಸಿಗುವುದು ದೇಹದ ನೆರಳು, ಅದೂ ದೇಹಕ್ಕಿಂತ ಸ್ವಲ್ಪ ದೊಡ್ಡದಾದ ನೆರಳು. ಎದೆ ಪೂರ್ತಿ ಬೇಕೆಂದರೆ ಸೆನ್ಸರ್ ಕೂಡ ಅಷ್ಟೇ ಅಗಲ ಇರಬೇಕು. ಸಾಮಾನ್ಯವಾಗಿ ಬಳಸುವ ಒಂದು ಅಳತೆ 43 ಸೆಂ.ಮೀ. ಉದ್ದ, 43 ಸೆಂ.ಮೀ. ಅಗಲ. ಚಿಪ್ ಕಾರ್ಖಾನೆಗಳಲ್ಲಿ ಓಡುವ ದೊಡ್ಡ ಸಿಲಿಕಾನ್ ವೇಫರ್‌ನ, ಅಂದರೆ ಚಿಪ್ ಮಾಡುವ ದುಂಡನೆಯ ತೆಳು ಬಿಲ್ಲೆಯ, ವ್ಯಾಸವೇ 30 ಸೆಂ.ಮೀ. ಅದರಲ್ಲಿ ಎದೆ ಹಿಡಿಸುವುದಿಲ್ಲ, ಅಲ್ವಾ? ಈ ಪ್ಯಾನೆಲ್ ಹೀಗೇಕೆ ಇದೆ ಎನ್ನುವುದಕ್ಕೆ ಬಹುಪಾಲು ಉತ್ತರ ಇಲ್ಲೇ ಸಿಗುತ್ತದೆ.

ವೇಫರ್ ಸಾಲದಾದಾಗ ಗಾಜಿನ ಹಾಳೆ ಬಂತು. ನಿರ್ವಾತ ಕೋಣೆಯಲ್ಲಿ ಗಾಜನ್ನು ಇಟ್ಟು, ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಸಿಲಿಕಾನ್ ಮತ್ತು ಹೈಡ್ರೋಜನ್ ಸೇರಿದ ಸಿಲೇನ್ ಅನಿಲವನ್ನು ಪ್ಲಾಸ್ಮಾದಲ್ಲಿ, ಅಂದರೆ ವಿದ್ಯುತ್ ಹಾಯಿಸಿ ಚಾರ್ಜ್ ಮಾಡಿದ ಅನಿಲದಲ್ಲಿ, ಒಡೆಯುತ್ತಾರೆ. ಸಿಲಿಕಾನ್ ತೆಳುವಾಗಿ ಗಾಜಿನ ಮೇಲೆ ಕೂರುತ್ತದೆ. ಇಷ್ಟು ಕಡಿಮೆ ಬಿಸಿಯಲ್ಲಿ ಕೂತ ಸಿಲಿಕಾನ್‌ನಲ್ಲಿ ಪರಮಾಣುಗಳು ಹರಳಿನ ಹಾಗೆ ಸಾಲಾಗಿ ಇರುವುದಿಲ್ಲ. ಅದಕ್ಕೇ ಇದನ್ನು ಅಮಾರ್ಫಸ್ ಸಿಲಿಕಾನ್ ಅನ್ನುತ್ತಾರೆ. ಜೋಡಿ ಸಿಗದ ಬಂಧಗಳು ಒಳಗೆಲ್ಲ ಉಳಿದು ಎಲೆಕ್ಟ್ರಾನ್‌ಗಳನ್ನು ಹಿಡಿದುಕೊಳ್ಳುತ್ತವೆ. ಪದರದೊಳಗೆ ಸೇರುವ ಹೈಡ್ರೋಜನ್ ಆ ಬಂಧಗಳಲ್ಲಿ ಬಹುಪಾಲನ್ನು ಮುಚ್ಚುತ್ತದೆ. 1975ರಲ್ಲಿ ಸ್ಕಾಟ್ಲೆಂಡ್‌ನ ಡಂಡೀ ವಿಶ್ವವಿದ್ಯಾಲಯದ ವಾಲ್ಟರ್ ಸ್ಪಿಯರ್ ಮತ್ತು ಪೀಟರ್ ಲೆಕೋಂಬರ್ ಇಂಥ ಸಿಲಿಕಾನ್‌ಗೂ ಕಲ್ಮಶ ಬೆರೆಸಿ ಅದರ ವಿದ್ಯುತ್ ಗುಣವನ್ನು ಬೇಕಾದಂತೆ ಬದಲಿಸಬಹುದು ಎಂದು ತೋರಿಸಿದರು. 1979ರ ಹೊತ್ತಿಗೆ ಅವರ ತಂಡ ಅದರಿಂದ ಟ್ರಾನ್ಸಿಸ್ಟರ್ ಕೂಡ ಮಾಡಿತು. ಆ ದಾರಿಯಲ್ಲೇ ಎಲ್‌ಸಿಡಿ ಪರದೆಗಳ ಉದ್ಯಮ ಬೆಳೆಯಿತು. ಎಕ್ಸ್-ರೇ ಪ್ಯಾನೆಲ್ ಅದೇ ಯಂತ್ರಗಳನ್ನು, ಅದೇ ಕೈಚಳಕವನ್ನು ಬಳಸಿಕೊಂಡಿತು.

ಪದರ ಕೂರಿಸು, ಮಾಸ್ಕ್ ಮೂಲಕ ಬೆಳಕು ಬಿಡು, ಬೇಡದ ಭಾಗ ಕರಗಿಸು. ಇದನ್ನೇ ಮತ್ತೆ ಮತ್ತೆ ಮಾಡಿದ ಮೇಲೆ ಗಾಜಿನ ತುಂಬ ಪಿಕ್ಸೆಲ್‌ಗಳು ಮೂಡುತ್ತವೆ. ಪ್ರತಿ ಪಿಕ್ಸೆಲ್‌ನಲ್ಲಿ ಬೆಳಕು ಹಿಡಿಯುವ ಒಂದು ಫೋಟೋಡಯೋಡ್, ಸ್ವಿಚ್ಚಿನ ಕೆಲಸಕ್ಕೆ ಒಂದು ಟಿಎಫ್‌ಟಿ, ಅಂದರೆ ತೆಳು ಪದರದ ಟ್ರಾನ್ಸಿಸ್ಟರ್. ಪಿಕ್ಸೆಲ್ ಅಗಲ ಸುಮಾರು 0.14 ಮಿ.ಮೀ. ಎಂದುಕೊಂಡರೆ ಒಂದು ಸಾಲಿಗೆ 3,000, ಒಟ್ಟು 90 ಲಕ್ಷ.

ಆದರೆ ಸಿಲಿಕಾನ್ ಹಗುರ ಧಾತು, ಪರಮಾಣು ಸಂಖ್ಯೆ ಬರೀ 14. ಫೋಟೋಡಯೋಡ್‌ನ ದಪ್ಪ ಒಂದೆರಡು ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಎಕ್ಸ್-ರೇ ಅದನ್ನು ಸುಮ್ನೆ ದಾಟಿ ಹೋಗುತ್ತದೆ. ಅದಕ್ಕೆ ಮೇಲೊಂದು ಸಿಂಟಿಲೇಟರ್ ಪದರ, ಅಂದರೆ ಎಕ್ಸ್-ರೇಯನ್ನು ಬೆಳಕಾಗಿಸುವ ಪದರ, ಬೇಕು. ಹೆಚ್ಚಾಗಿ ಬಳಸುವುದು ಥಾಲಿಯಂ ಬೆರೆಸಿದ ಸೀಸಿಯಂ ಅಯೊಡೈಡ್. ಸೀಸಿಯಂ 55, ಅಯೊಡೀನ್ 53, ಎರಡೂ ಎಕ್ಸ್-ರೇಯನ್ನು ಚೆನ್ನಾಗಿ ತಡೆಯುತ್ತವೆ. ತಡೆದ ಶಕ್ತಿಯನ್ನು ಹಸಿರು ಬೆಳಕಾಗಿ ಬಿಡುತ್ತವೆ. ಕೆಳಗಿರುವ ಫೋಟೋಡಯೋಡ್ ಹಿಡಿಯುವುದರಲ್ಲಿ ಗಟ್ಟಿ ಇರುವುದೂ ಆ ಹಸಿರಿನಲ್ಲೇ.

ನನಗೆ ತುಂಬ ಇಷ್ಟವಾಗುವ ಭಾಗ ಈ ಪದರ ಬೆಳೆಯುವ ರೀತಿ. ಜಾಸ್ತಿ ಎಕ್ಸ್-ರೇ ಹಿಡಿಯಬೇಕೆಂದರೆ ಪದರ ದಪ್ಪ ಇರಬೇಕು. ದಪ್ಪವಾದರೆ ಬೆಳಕು ಅಕ್ಕಪಕ್ಕ ಹರಡಿ ಚಿತ್ರ ಮಸುಕಾಗುತ್ತದೆ. ಸೀಸಿಯಂ ಅಯೊಡೈಡ್ ಅನ್ನು ಆವಿ ಮಾಡಿ ಕೂರಿಸಿದರೆ ಅದು ಕೆಲವೇ ಮೈಕ್ರಾನ್ ದಪ್ಪದ ಸೂಜಿಗಳಾಗಿ ನೆಟ್ಟಗೆ ಬೆಳೆಯುತ್ತದೆ. ಬೆಳಕು ಬಹುಪಾಲು ಸೂಜಿಯೊಳಗೇ ಪುಟಿಯುತ್ತಾ ಕೆಳಗಿನ ಪಿಕ್ಸೆಲ್‌ಗೆ ಇಳಿಯುತ್ತದೆ. ಹೀಗಾಗಿ ಅರ್ಧ ಮಿ.ಮೀ. ದಪ್ಪವಿದ್ದರೂ ಚಿತ್ರದ ಸ್ಪಷ್ಟತೆ ಉಳಿಯುತ್ತದೆ, ರೋಗಿಯ ಮೇಲೆ ಬೀಳುವ ವಿಕಿರಣವೂ ಕಡಿಮೆ ಸಾಕು. ಈ ವಸ್ತು ಗಾಳಿಯ ತೇವ ಹೀರಿ ಹಾಳಾಗುತ್ತದೆ, ಆದ್ದರಿಂದ ಬಿಗಿಯಾಗಿ ಮುಚ್ಚಿಡಬೇಕು.

ಬೆಳಕಿನ ಮೆಟ್ಟಿಲೇ ಇಲ್ಲದ ಪ್ಯಾನೆಲ್‌ಗಳೂ ಇವೆ. ಅಮಾರ್ಫಸ್ ಸೆಲೆನಿಯಂ ಪದರ ಎಕ್ಸ್-ರೇಯನ್ನು ನೇರ ಚಾರ್ಜ್ ಮಾಡುತ್ತದೆ. ಅದಕ್ಕೆ ಸಾವಿರಾರು ವೋಲ್ಟ್ ಕೊಡಬೇಕಾಗುತ್ತದೆ. ಕಡಿಮೆ ಶಕ್ತಿಯ ಎಕ್ಸ್-ರೇ ಬಳಸುವ ಮ್ಯಾಮೋಗ್ರಫಿಗೆ (ಸ್ತನದ ಎಕ್ಸ್-ರೇ) ಇದು ಚೆನ್ನಾಗಿ ಹೊಂದುತ್ತದೆ.

ಚಿತ್ರ ಓದುವುದು ಸಾಲು ಸಾಲಾಗಿ. ಒಂದು ಸಾಲಿನ ಟಿಎಫ್‌ಟಿಗಳೆಲ್ಲ ಒಟ್ಟಿಗೆ ತೆರೆದಾಗ ಚಾರ್ಜ್ ತಂತಿಗಳಲ್ಲಿ ಇಳಿದು ಅಂಚಿನ ಆಂಪ್ಲಿಫೈಯರ್ ಸೇರುತ್ತದೆ, ಅಲ್ಲಿಂದ ಅಂಕಿಯಾಗುತ್ತದೆ. ಲಕ್ಷಾಂತರ ಪಿಕ್ಸೆಲ್‌ಗಳಲ್ಲಿ ಕೆಲವು ಸತ್ತಿರುವುದು ಸಹಜ. ಅವುಗಳ ಜಾಗ ಗುರುತಿಟ್ಟುಕೊಂಡು, ಅಕ್ಕಪಕ್ಕದ ಪಿಕ್ಸೆಲ್ ನೋಡಿ ತುಂಬುತ್ತಾರೆ.

ಅಲ್ಟ್ರಾಸೌಂಡ್‌ನಲ್ಲಿ ಅಳತೆಯ ಲೆಕ್ಕವೇ ಬೇರೆ. ಅಲ್ಲಿ ಚರ್ಮಕ್ಕೆ ಒತ್ತಿ ಹಿಡಿಯುವ ಪ್ರೋಬ್ ತಾನೇ ಶಬ್ದ ಕಳಿಸಿ, ಪ್ರತಿಧ್ವನಿ ಬರುವ ಸಮಯ ಅಳೆದು ಚಿತ್ರ ಕಟ್ಟುತ್ತದೆ. ದೇಹದಷ್ಟು ಅಗಲದ ಸೆನ್ಸರ್ ಬೇಡ, ವೇಫರ್ ತುಂಡೇ ಸಾಕು. ಸಾಂಪ್ರದಾಯಿಕ ಪ್ರೋಬ್‌ಗಳಲ್ಲಿ ಪಿಝೋ ಸೆರಾಮಿಕ್ ಅನ್ನು (ವೋಲ್ಟೇಜ್ ಕೊಟ್ಟರೆ ಕಂಪಿಸುವ, ಒತ್ತಿದರೆ ವೋಲ್ಟೇಜ್ ಕೊಡುವ ವಸ್ತು) ಸಣ್ಣ ಗರಗಸದಿಂದ ಸೀಳಿ ಜೋಡಿಸುತ್ತಾರೆ. 1990ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಸಿಎಂಯುಟಿ (ಕೆಪಾಸಿಟಿವ್ ಮೈಕ್ರೋಮಷೀನ್ಡ್ ಅಲ್ಟ್ರಾಸಾನಿಕ್ ಟ್ರಾನ್ಸ್‌ಡ್ಯೂಸರ್) ಬಗೆಯಲ್ಲಿ ಸಿಲಿಕಾನ್ ಮೇಲೆಯೇ ಪುಟ್ಟ ಪುಟ್ಟ ಪೊರೆಗಳನ್ನು ಮಾಡುತ್ತಾರೆ. ಪೊರೆಯ ಕೆಳಗೆ ಕೂದಲಿಗಿಂತ ಎಷ್ಟೋ ಸಣ್ಣ ಖಾಲಿ ಸಂದು. ವೋಲ್ಟೇಜ್ ಕೊಟ್ಟರೆ ಪೊರೆ ಕಂಪಿಸಿ ಶಬ್ದ ಹೊರಡುತ್ತದೆ, ಪ್ರತಿಧ್ವನಿ ತಾಗಿದರೆ ಅದರ ಕೆಪಾಸಿಟನ್ಸ್, ಅಂದರೆ ಚಾರ್ಜ್ ಹಿಡಿದಿಡುವ ಸಾಮರ್ಥ್ಯ, ಬದಲಾಗುತ್ತದೆ. ಇಂಥ ಪೊರೆ ಸೆರಾಮಿಕ್‌ಗಿಂತ ಹೆಚ್ಚು ಅಗಲದ ಆವರ್ತನ ವ್ಯಾಪ್ತಿಯಲ್ಲಿ ಕೆಲಸ ಮಾಡುತ್ತದೆ. ಹೊಟ್ಟೆಯ ಆಳಕ್ಕೆ ಕಡಿಮೆ ಆವರ್ತನದ ಒಂದು, ಚರ್ಮದ ಹತ್ತಿರದ ರಕ್ತನಾಳಕ್ಕೆ ಹೆಚ್ಚು ಆವರ್ತನದ ಇನ್ನೊಂದು ಪ್ರೋಬ್ ಬೇಕಿದ್ದ ಕಡೆ ಈಗ ಒಂದೇ ಪ್ರೋಬ್ ಇಟ್ಟುಕೊಳ್ಳಲು ಆಗುತ್ತಿರುವುದು ಇದರಿಂದಲೇ.