ಬರೆದು ತಂದ ಭಾಷಣ ಬ್ಯಾಗಲ್ಲೇ ಇರಲಿ

ಹೊಸ ಮಕ್ಕಳು ಮೊದಲ ಡಿಬೇಟ್ ಟೂರ್ನಮೆಂಟಿಗೆ ಹೊರಡುವ ಹಿಂದಿನ ರಾತ್ರಿ ನನಗೆ ಪ್ರತಿ ವರ್ಷ ಒಂದೇ ಮೆಸೇಜು: 'ಸರ್, ಭಾಷಣ ಒಂದ್ಸಲ ನೋಡ್ತೀರಾ?' ಯಾವ ಭಾಷಣ? ವಿಷಯವೇ ಇನ್ನೂ ಗೊತ್ತಿಲ್ಲವಲ್ಲ!

ಇದು ಶಾಲೆಯ ಚರ್ಚಾ ಸ್ಪರ್ಧೆಯಿಂದ ಬಂದ ಅಭ್ಯಾಸ. ಅಲ್ಲಿ ವಿಷಯ ಮೊದಲೇ ಸಿಗುತ್ತದೆ, ಮೇಷ್ಟ್ರು ಬರೆದುಕೊಡುತ್ತಾರೆ, ಬಾಯಿಪಾಠ ಮಾಡಿ ಬೆಲ್ಲು ಹೊಡೆಯುವಷ್ಟರಲ್ಲಿ ಒಪ್ಪಿಸಿದರೆ ಆಯಿತು. ಈ ಟೂರ್ನಮೆಂಟು ನಡೆಯುವ ಬ್ರಿಟಿಷ್ ಪಾರ್ಲಿಮೆಂಟರಿ ಮಾದರಿಯಲ್ಲಿ ಹಾಗಲ್ಲ. ಒಂದು ಕೋಣೆಗೆ ನಾಲ್ಕು ತಂಡ, ತಂಡಕ್ಕೆ ಇಬ್ಬರು. ವಿಷಯ ಹೇಳಿದ ಮೇಲೆ 15 ನಿಮಿಷ ತಯಾರಿ, ಆಮೇಲೆ ಒಬ್ಬೊಬ್ಬರಿಗೆ 7 ನಿಮಿಷ. ಹೊಸಬರಿಗೆ ಕೆಲವು ಆಯೋಜಕರು ಸಮಯ ಕಡಿಮೆ ಮಾಡುವುದೂ ಉಂಟು, ವಿಚಾರಿಸಿಕೊಳ್ಳಿ. ಪರವೋ ವಿರೋಧವೋ ನಿಮ್ಮ ಆಯ್ಕೆಯಲ್ಲ.

ಮೂರು ವರ್ಷದ ಹಿಂದೆ ತುಮಕೂರು ಕಡೆಯ ಒಬ್ಬಳು ಫೈಲಿನ ತುಂಬ ಹಾಳೆ ಇಟ್ಟುಕೊಂಡು ಬಂದಿದ್ದಳು. ಹೋಂವರ್ಕ್ ರದ್ದು ಮಾಡಬೇಕೇ ಅನ್ನುವುದು ವಿಷಯ, ಇವಳು ವಿರೋಧದ ಕಡೆ, ಮಾತಿನ ಸರದಿ ಆರನೆಯದು. ಐವರು ಮಾತಾಡುವ ಹೊತ್ತಿಗೆ ಚರ್ಚೆಯೆಲ್ಲ ಒಂದೇ ಪ್ರಶ್ನೆಗೆ ಬಂದು ನಿಂತಿತ್ತು: ಮನೆಯಲ್ಲಿ ಹೇಳಿಕೊಡುವವರೇ ಇಲ್ಲದ ಮಗು ಏನು ಮಾಡಬೇಕು? ಇವಳು ತಲೆ ತಗ್ಗಿಸಿ ಹಾಳೆ ಜೋಡಿಸಿಕೊಳ್ಳುತ್ತಲೇ ಇದ್ದಳು. ಎದ್ದವಳು 'ಶಿಕ್ಷಣ ಎಂದರೇನು' ಅಂತ ಶುರು ಮಾಡಿದಳು. ಕೊನೆಯ ಸ್ಥಾನ.

ಆಮೇಲೆ ಕಾರಿಡಾರಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ಹೇಳಿದಳು, 'ಸರ್, ನಮ್ಮನೇಲಿ ಯಾರೂ ಓದಿಲ್ಲ. ಹೋಂವರ್ಕ್ ಮಾಡೋಕೆ ಪಕ್ಕದ್ಮನೆ ಅಕ್ಕನ ಹತ್ರ ಹೋಗ್ತಿದ್ದೆ, ಲೆಕ್ಕ ಕಲ್ತಿದ್ದೇ ಅಲ್ಲಿ.' ಅಯ್ಯೋ ಮಗಳೇ, ಆ ಕೋಣೆ ಕಾಯುತ್ತಿದ್ದ ಉತ್ತರ ಅದೇ ಅಲ್ವಾ!

ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ, ಕೇಳಿಸಿಕೊಳ್ಳಿ. ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಗಡೆ ಅವರು ಹೇಳಿದ್ದು, ಬಲಗಡೆ ಅದಕ್ಕೆ ನಿಮ್ಮ ಉತ್ತರ. ಬಲಗಡೆ ಖಾಲಿ ಉಳಿದರೆ ಆ ಮಾತು ಹೆಚ್ಚುಕಡಿಮೆ ಅವರ ಖಾತೆಗೇ ಹೋಗುತ್ತದೆ, ನೀವು ಬೇರೆ ಎಷ್ಟೇ ಚೆನ್ನಾಗಿ ಮಾತಾಡಿದ್ದರೂ. ತೀರ್ಪುಗಾರರು ನೋಡುವುದು ಯಾರ ವಾದ ಯಾರ ವಾದದ ಎದುರು ನಿಂತಿತು ಅನ್ನುವುದನ್ನು. ಇಂಗ್ಲಿಷ್ ಉಚ್ಚಾರಣೆಗೆ ಅಂಕ ಅಂತ ಇಲ್ಲ. ಎಲ್ಲ ತೀರ್ಪುಗಾರರೂ ಒಂದೇ ಥರ ಇರುತ್ತಾರೆ ಅಂತ ನಾನು ಹೇಳಲಾರೆ, ಆದರೆ ನಿಯಮ ಇದೇ.

ನಿಮ್ಮ ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು ಮಧ್ಯದಲ್ಲಿ ಎದುರಿನವರು ಎದ್ದು ಪ್ರಶ್ನೆ ಕೇಳಬಹುದು. ಗಾಬರಿ ಬೇಡ, ಒಂದೋ ಎರಡೋ ತಗೊಳ್ಳಿ, ಉಳಿದವರನ್ನು ಕೂರಿಸಿ.

ಮೊದಲ ಸುತ್ತು ಸೋತರೆ ಮನೆಗೆ ಫೋನ್ ಮಾಡಿ ಅಳಬೇಡಿ. ತಂಡಗಳಿಗೆ ಸ್ಥಾನದ ಪ್ರಕಾರ 3, 2, 1, 0 ಅಂತ ಅಂಕ. ಸಾಮಾನ್ಯವಾಗಿ ಎರಡನೇ ಸುತ್ತಿನಿಂದ ನಿಮ್ಮಷ್ಟೇ ಅಂಕದವರ ಜೊತೆ ಹಾಕುತ್ತಾರೆ. ಸುತ್ತು ಮುಗಿದ ಮೇಲೆ ತೀರ್ಪುಗಾರರು ಕಾರಣ ಹೇಳುವಾಗ ಕ್ಯಾಂಟೀನಿಗೆ ಓಡದೆ ಕೂತು ಬರೆದುಕೊಳ್ಳಿ. ಆ ಹುಡುಗಿ ಅವತ್ತು ಬರೆದುಕೊಂಡಳು, ಫೈಲಿನ ಹಾಳೆಗಳ ಹಿಂಬದಿಯಲ್ಲಿ.