ಅರಳು ಮರಳು ಅನ್ನುವ ಮುಂಚೆ ಮಾತ್ರೆ ಚೀಲ ನೋಡಿ

ಆಸ್ಪತ್ರೆಯ ವಾರ್ಡುಗಳಲ್ಲಿ ಮತ್ತೆ ಮತ್ತೆ ಕಾಣುವ ದೃಶ್ಯ ಇದು. ಎಪ್ಪತ್ತು ದಾಟಿದವರೊಬ್ಬರು ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಬರುತ್ತಾರೆ. ಆಪರೇಷನ್ ಚೆನ್ನಾಗಿಯೇ ಆಗುತ್ತದೆ. ಮೊದಲ ದಿನ ಎಲ್ಲರ ಜೊತೆ ಸರಿಯಾಗಿ ಮಾತಾಡುತ್ತಾರೆ. ಮೂರನೇ ರಾತ್ರಿ ಕೈ ನಡುಗಲು ಶುರುವಾಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ. ಹೊದಿಕೆಯ ಮೇಲೆ ಇಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕಿ ಎಸೆಯುತ್ತಾರೆ. ಪಕ್ಕದಲ್ಲಿದ್ದವರು ಒಂದೇ ಮಾತು ಹೇಳುತ್ತಾರೆ: "ವಯಸ್ಸಾಯ್ತಲ್ಲ, ಅರಳು ಮರಳು."

ಅರವತ್ತಕ್ಕೆ ಅರಳು ಮರಳು ಅನ್ನುವ ಆ ಗಾದೆಯ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಅದು ಬಂದ ಕೂಡಲೇ ಪ್ರಶ್ನೆಗಳು ನಿಂತುಹೋಗುತ್ತವೆ. ಆ ರೋಗಿ ವರ್ಷಗಟ್ಟಲೆ ದಿನಾ ಕುಡಿಯುತ್ತಿದ್ದರೋ ಏನೋ. ಆಸ್ಪತ್ರೆಗೆ ಸೇರಿದ್ದರಿಂದ ಅದು ಹಠಾತ್ತನೆ ನಿಂತಿರಬಹುದು. ಹಾಗೆ ನಿಂತ ಎರಡು ಮೂರು ದಿನಕ್ಕೆ ಮಿದುಳು ಹೀಗೆ ಕೆರಳುತ್ತದೆ. ಫಿಟ್ಸ್ ಬರಬಹುದು, ಪ್ರಾಣವೇ ಹೋಗಬಹುದು. ಬಹುಕಾಲದ ನಿದ್ದೆ ಮಾತ್ರೆ ತಟ್ಟನೆ ತಪ್ಪಿದರೂ ಇದೇ ಕಥೆ. ಸೇರಿಸಿಕೊಳ್ಳುವಾಗಲೇ ಕೇಳಿದ್ದರೆ ತಯಾರಿ ಮಾಡಿಕೊಳ್ಳಬಹುದಿತ್ತು. ಆದರೆ ತಂದೆಯ ವಯಸ್ಸಿನವರನ್ನು "ಕುಡೀತೀರಾ?" ಅಂತ ಕೇಳಲು ಡಾಕ್ಟರಿಗೂ ನರ್ಸಿಗೂ ಸಂಕೋಚ. ತಾಯಿಯ ವಯಸ್ಸಿನವರನ್ನಂತೂ ಕೇಳುವುದೇ ಇಲ್ಲ.

"ನಲವತ್ತು ವರ್ಷದಿಂದ ಇಷ್ಟೇ ತಗೋತಿದ್ದೀನಿ, ಏನೂ ಆಗಿಲ್ಲ" ಎಂಬ ಮಾತು ನೀವೂ ಕೇಳಿರುತ್ತೀರಿ. ಪೆಗ್ ಬದಲಾಗಿಲ್ಲ, ನಿಜ. ದೇಹ ಬದಲಾಗಿದೆ. ಮದ್ಯ ಬೆರೆಯುವುದು ಮೈಯಲ್ಲಿನ ನೀರಿನಲ್ಲಿ. ಯುವಕನ ತೂಕದಲ್ಲಿ ಸುಮಾರು ಶೇ 60 ನೀರು. ಇಳಿವಯಸ್ಸಿಗೆ ಅದು 50ರ ಆಸುಪಾಸಿಗೆ ಇಳಿಯುತ್ತದೆ, ಹೆಂಗಸರಲ್ಲಿ ಇನ್ನೂ ಕಡಿಮೆ. ಪಾತ್ರೆ ಚಿಕ್ಕದಾಯಿತು, ಹಾಕುವ ಉಪ್ಪು ಅಷ್ಟೇ ಇದೆ. ಹಾಗಾಗಿ ಅದೇ ಪೆಗ್‌ಗೆ ರಕ್ತದಲ್ಲಿ ಮದ್ಯದ ಮಟ್ಟ ಜಾಸ್ತಿ ಏರುತ್ತದೆ.

ನಿದ್ದೆ ಮಾತ್ರೆಯದು ಇದಕ್ಕಿಂತ ಸೋಜಿಗದ ಕಥೆ. ಉದಾಹರಣೆಗೆ ಡಯಾಜೆಪಾಮ್ ಎಂಬ ಮಾತ್ರೆಯನ್ನೇ ನೋಡಿ. ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನಶಾಸ್ತ್ರಜ್ಞ ರೂಪಿಸಿದ ಈ ಔಷಧಿ 1963ರಲ್ಲಿ ವೇಲಿಯಮ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೂ ಮುಂಚೆ ಇದ್ದ ಬಾರ್ಬಿಟ್ಯುರೇಟ್ ಎಂಬ ನಿದ್ದೆ ಮಾತ್ರೆಗಳು ಸ್ವಲ್ಪ ಹೆಚ್ಚಾದರೂ ಉಸಿರು ನಿಲ್ಲಿಸುತ್ತಿದ್ದವು. ಅವಕ್ಕಿಂತ ಇದು ಎಷ್ಟೋ ಸುರಕ್ಷಿತ. ಹಾಗಾಗಿ ವೈದ್ಯರು ಧಾರಾಳವಾಗಿ ಬರೆದುಕೊಟ್ಟರು. ಅಂದು ನಡುವಯಸ್ಸಿನವರಿಗೆ ಹೊಂದಿದ ಮಾತ್ರೆ, ವಯಸ್ಸಾದ ಮೇಲೂ ಹಾಗೇ ಮುಂದುವರಿಯುತ್ತಾ ಹೋಯಿತು.

ಡಯಾಜೆಪಾಮ್ ನೀರಿಗಿಂತ ಕೊಬ್ಬನ್ನು ಹೆಚ್ಚು ಇಷ್ಟಪಡುತ್ತದೆ. ವಯಸ್ಸಾದಂತೆ ಮೈಯಲ್ಲಿ ನೀರು, ಸ್ನಾಯು ಕಡಿಮೆಯಾಗಿ ಕೊಬ್ಬಿನ ಪಾಲು ಏರುತ್ತದೆ. ಆ ಕೊಬ್ಬು ಸ್ಪಂಜಿನ ಹಾಗೆ ಮಾತ್ರೆಯನ್ನು ಹೀರಿಕೊಂಡು ಹನಿ ಹನಿಯಾಗಿ ಬಿಡುತ್ತದೆ. ಕೆರೆ ದೊಡ್ಡದಾಗಿದೆ, ತೂಬು ಮಾತ್ರ ಹಳೆಯದೇ ಇದೆ ಅಂದುಕೊಳ್ಳಿ. ಖಾಲಿಯಾಗಲು ಎಷ್ಟು ದಿನ ಬೇಕು! ಮೈಯಲ್ಲಿರುವ ಔಷಧಿ ಅರ್ಧಕ್ಕೆ ಇಳಿಯಲು ಇಪ್ಪತ್ತರ ಹರೆಯದಲ್ಲಿ ಸುಮಾರು 20 ಗಂಟೆ ಸಾಕು. ಎಂಬತ್ತರಲ್ಲಿ 80 ಗಂಟೆ, ಇನ್ನೂ ಜಾಸ್ತಿಯೂ ಆಗಬಹುದು. ಹೆಚ್ಚುಕಡಿಮೆ ವಯಸ್ಸೆಷ್ಟೋ ಅಷ್ಟು ಗಂಟೆ!

ಈಗ ಲೆಕ್ಕ ಹಾಕಿ. ದಿನಾ ರಾತ್ರಿ ಒಂದೇ ಮಾತ್ರೆ. ಇಪ್ಪತ್ತರವರ ಮೈಯಲ್ಲಿ ಮರುದಿನ ರಾತ್ರಿಗೆ ಅರ್ಧಕ್ಕೂ ಕಡಿಮೆ ಉಳಿದಿರುತ್ತದೆ. ಎಷ್ಟು ದಿನ ನುಂಗಿದರೂ ಮೈಯಲ್ಲಿ ಎರಡು ಮಾತ್ರೆಯಷ್ಟು ಸೇರುವುದಿಲ್ಲ. ಎಂಬತ್ತರವರಲ್ಲಿ ಐದರಲ್ಲಿ ನಾಲ್ಕು ಪಾಲು ಹಾಗೇ ಇರುತ್ತದೆ, ಅದರ ಮೇಲೆ ಇನ್ನೊಂದು ಮಾತ್ರೆ. ಎರಡು ಮೂರು ವಾರದಲ್ಲಿ ಸುಮಾರು ಐದು ಮಾತ್ರೆಯಷ್ಟು ಔಷಧಿ ಮೈಯಲ್ಲಿ ತಂಗಿರುತ್ತದೆ. ಬಹುಪಾಲು ಕೊಬ್ಬಿನಲ್ಲಿ ಅಡಗಿದೆ, ನಿಜ. ಆದರೆ ಮುದಿ ಮಿದುಳಿಗೆ ರಕ್ತದಲ್ಲಿರುವ ಚೂರೇ ಸಾಕು, ಏಕೆಂದರೆ ಅದು ಮೊದಲಿಗಿಂತ ಸೂಕ್ಷ್ಮವಾಗಿರುತ್ತದೆ. ಇದರ ಮೇಲೆ ಒಂದು ಪೆಗ್ ಬಿದ್ದರೆ? ಮಿದುಳಿನ ವೇಗ ತಗ್ಗಿಸುವ ಗಾಬಾ ಎಂಬ ವ್ಯವಸ್ಥೆಯನ್ನು ಮದ್ಯವೂ ಈ ಮಾತ್ರೆಯೂ ಬಲಪಡಿಸುತ್ತವೆ. ಒಂದೇ ಬ್ರೇಕನ್ನು ಎರಡು ಕಾಲು ಒತ್ತಿದ ಹಾಗೆ. ರಾತ್ರಿ ಬಚ್ಚಲಿಗೆ ಎದ್ದವರು ಬೀಳುತ್ತಾರೆ, ಸೊಂಟ ಮುರಿಯುತ್ತದೆ. ನಾವು ಮತ್ತೆ ಅದೇ ವಾರ್ಡಿಗೆ ಬಂದೆವು, ಅಲ್ವಾ?

ಹಾಗಾದರೆ ಕೇಳುವುದು ಹೇಗೆ? ಕುಡಿತದಿಂದ ಕೆಲಸಕ್ಕೆ ತೊಂದರೆ ಆಯಿತೇ ಎಂಬಂಥ ಹಳೆಯ ಪ್ರಶ್ನೆಗಳು ನಿವೃತ್ತರ ಹತ್ತಿರ ನಡೆಯುವುದಿಲ್ಲ. ಗೈರುಹಾಜರಿ ಹಾಕುವವರು ಯಾರಿದ್ದಾರೆ? ಅದಕ್ಕೇ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು 1992ರಲ್ಲಿ ಹಿರಿಯರಿಗೆಂದೇ ಬೇರೆ ಪ್ರಶ್ನಾವಳಿ ಮಾಡಿದರು. ಹತ್ತಿರದವರು ತೀರಿಕೊಂಡ ಮೇಲೆ ಕುಡಿಯುವುದು ಹೆಚ್ಚಾಯಿತೇ, ಒಂಟಿ ಅನಿಸಿದಾಗ ಅದರಿಂದ ಸಮಾಧಾನ ಸಿಗುತ್ತದೆಯೇ ಎಂದು ಅದು ಕೇಳುತ್ತದೆ. ಈ ಪ್ರಶ್ನೆಗಳಲ್ಲಿ ಆರೋಪ ಇಲ್ಲ. ಆದ್ದರಿಂದಲೇ ಉತ್ತರ ಬರುತ್ತದೆ. "ನಿದ್ದೆ ಹೇಗಿದೆ? ನಿದ್ದೆಗೆ ಅಂತ ಏನಾದ್ರೂ ತಗೋತೀರಾ?" ಅಂತ ಶುರುಮಾಡಿದರೂ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು ಉಪಾಯ, ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್ಪು ಚೀಲಕ್ಕೆ ಹಾಕಿ ತರಲು ಹೇಳುವುದು. ಮೇಜಿನ ಮೇಲೆ ಸುರಿದು ನೋಡಿ. ಒಬ್ಬ ಡಾಕ್ಟರ್ ಬರೆದ ನಿದ್ದೆ ಮಾತ್ರೆ, ಇನ್ನೊಬ್ಬರು ಬೇರೆ ಹೆಸರಿನಲ್ಲಿ ಬರೆದ ಅದೇ ಜಾತಿಯ ಮಾತ್ರೆ, ಮಂಪರು ತರುವ ನೆಗಡಿ ಔಷಧಿ, ನೋವಿನ ಮಾತ್ರೆ, ಎಲ್ಲ ಒಟ್ಟಿಗೆ ಸಿಗಬಹುದು. ನೆಗಡಿಗೆ ಕೊಡುವ ಹಳೆಯ ಆ್ಯಂಟಿಹಿಸ್ಟಮಿನ್‌ಗಳೊಂದೇ ಸಾಕು, ವಯಸ್ಸಾದವರಲ್ಲಿ ಗೊಂದಲ ಹುಟ್ಟಿಸಲು.

ಸಿಕ್ಕಿತು ಅಂತ ಆವತ್ತೇ ಕಿತ್ತುಕೊಳ್ಳಬಾರದು. ಮೊದಲು ಹೇಳಿದ ಇರುವೆಗಳು ನೆನಪಿರಲಿ. "ಈ ವಯಸ್ಸಲ್ಲಿ ಬಿಡಿಸೋಕೆ ಆಗುತ್ತಾ?" ಅನ್ನುವವರಿಗೆ ಕೆನಡಾದ ಕ್ವಿಬೆಕ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಉತ್ತರ ಕೊಡುತ್ತದೆ. 65 ದಾಟಿದ, ಬಹುಕಾಲದಿಂದ ಇಂಥ ಮಾತ್ರೆ ನುಂಗುತ್ತಿದ್ದವರ ಕೈಗೆ ಒಂದು ಪುಟ್ಟ ಕೈಪಿಡಿ ಕೊಟ್ಟರು. ಆರು ತಿಂಗಳಲ್ಲಿ ಅವರಲ್ಲಿ ಶೇ 27 ಮಂದಿ ಮಾತ್ರೆ ಬಿಟ್ಟಿದ್ದರು. ಕೈಪಿಡಿ ಸಿಗದವರಲ್ಲಿ ಬಿಟ್ಟವರು ಶೇ 5. ಕೈಪಿಡಿಯಲ್ಲಿ ಮಾತ್ರೆ ಏಕೆ ಅಪಾಯ ಎಂಬ ವಿವರದ ಜೊತೆ ವಾರ ವಾರಕ್ಕೂ ಒಂದು ಪಟ್ಟಿ ಇತ್ತು. ಅದರಲ್ಲಿ ಬರೀ ಚಿತ್ರಗಳು: ಇವತ್ತು ಇಡೀ ಮಾತ್ರೆ, ನಾಳೆ ಅರ್ಧ, ಮುಂದೆ ಕಾಲು. ಹೀಗೆ ಇಪ್ಪತ್ತು ವಾರಕ್ಕೂ ಹೆಚ್ಚು ಕಾಲ, ನಿಧಾನವಾಗಿ, ಸೊನ್ನೆಯವರೆಗೆ.